ಕೌಂಟರಲ್ಲಿ ಬಿಟ್ಟ ಚಿಲ್ಲರೆ ಯಾರ ಕೈಗೆ ಹೋಗ್ತದೆ?

ಹೋದ ಡಿಸೆಂಬರಲ್ಲಿ ನಮ್ಮ ಚಿಕ್ಕಪ್ಪನ ಮಗ ಅಮೆರಿಕದಿಂದ ಊರಿಗೆ ಬಂದಿದ್ದ. ಶಿರಸಿ ಪೇಟೆಯಲ್ಲಿ ನಾನು ದಿನಾ ಹೋಗೋ ಸಣ್ಣ ಹೋಟ್ಲಿಗೆ ಕರ್ಕೊಂಡು ಹೋಗಿದ್ದೆ, ಬನ್ಸು, ಮಿಸಳು, ಮೇಲೊಂದೊಂದು ಕಷಾಯ, ಬಿಲ್ಲು ನೂರಾ ಮೂವತ್ತು. ನಾನು ಕಿಸೆಗೆ ಕೈ ಹಾಕೋದ್ರೊಳಗೆ ಅವ ಇನ್ನೂರರ ನೋಟು ಗಲ್ಲೆ ಮೇಲಿಟ್ಟು ‘ಇರ್ಲಿ, ಇಟ್ಕೊಳ್ಳಿ’ ಅಂದು ಹೊರಗೆ ಹೋಗೇಬಿಟ್ಟ. ಗಲ್ಲೆಯಲ್ಲಿ ಕೂತಿದ್ದ ಭಟ್ರು ನನ್ನ ಮುಖ ನೋಡಿದ್ರು, ನಾನು ಅವ್ರ ಮುಖ ನೋಡಿದೆ, ಅಷ್ಟೇ. ಮಾರನೇ ದಿನ ನಾನೊಬ್ನೇ ಹೋಗಿ ಚಾ ಕುಡ್ದು ದುಡ್ಡು ಕೊಡೋಕೆ ನೋಡಿದ್ರೆ ಭಟ್ರು ತಗೊಳ್ಳಲೇ ಇಲ್ಲ, ‘ನಿಮ್ಮ ತಮ್ಮಂದು ಎಪ್ಪತ್ತು ಜಮಾ ಇದ್ದು ಮಾರಾಯ, ಅದ್ರಲ್ಲೇ ಮುರ್ಕಂಡಿದ್ದಿ’ ಅಂದ್ರು. ಉದ್ರಿ ಪುಸ್ತಕದಲ್ಲಿ ನನ್ನ ಹೆಸ್ರಿನ ಹಾಳೆ ಮೇಲೆ ಬರ್ದೂ ಇಟ್ಟಿದ್ರು. ನಾಲ್ಕು ದಿನ ಪುಕ್ಕಟೆ ಚಾ ಕುಡ್ದೆ.

ತಮ್ಮ ಕೊಟ್ಟಿದ್ದು ಟಿಪ್ಸು, ಭಟ್ರು ತಗೊಂಡಿದ್ದು ಅಡ್ವಾನ್ಸು. ಮೊದ್ಲು ಇದನ್ನ ಜೋಕ್ ಅಂತ ನಾಲ್ಕು ಜನಕ್ಕೆ ಹೇಳ್ಕೊಂಡು ತಿರುಗಿದೆ, ಆಮೇಲೆ ಯೋಚ್ನೆ ಮಾಡ್ತಾ ಹೋದ ಹಾಗೆ ಇದ್ರಲ್ಲಿ ಸುಮಾರು ವಿಷ್ಯ ಇದೆ ಅನ್ನಿಸ್ತು. ಯಾಕಂದ್ರೆ ಈಗ ಕಾರವಾರ, ಗೋಕರ್ಣ, ಮುರ್ಡೇಶ್ವರ ಎಲ್ಲಿ ಹೋದ್ರೂ ಕೌಂಟರ್ ಪಕ್ಕ ಒಂದು ಟಿಪ್ಸ್ ಡಬ್ಬಿ ಇರೋದು ಕಾಣ್ತದೆ, ಗಾಜಿನ ಭರಣಿ, ಇಲ್ಲಾಂದ್ರೆ ಮಕ್ಕಳ ಹುಂಡಿ ಥರದ್ದು, ಕೆಲವು ಕಡೆ ಅದ್ರ ಪಕ್ಕದಲ್ಲೇ ಗೋಶಾಲೆ ಹುಂಡಿ, ದೇವಸ್ಥಾನದ ಜೀರ್ಣೋದ್ಧಾರದ ಹುಂಡಿ, ಮೂರೂ ಸಾಲಾಗಿ ಕೂತು ನಮ್ಮ ಐದು ರೂಪಾಯಿಗೆ ಕಾಯ್ತಾ ಇರ್ತವೆ. ಕ್ಯೂನಲ್ಲಿ ಹಿಂದೆ ನಾಲ್ಕು ಜನ, ಎದುರು ಹುಡ್ಗ ಟೋಕನ್ ಹರಿದು ಕೊಡ್ತಾ ಇದ್ದಾನೆ, ಹಾಕ್ಬೇಕಾ ಬೇಡ್ವಾ, ಹಾಕದಿದ್ರೆ ಜುಗ್ಗ ಅಂದ್ಕೊಳ್ತಾರಾ, ಹಾಕಿದ್ರೆ ದೊಡ್ಡಸ್ತಿಕೆ ತೋರಿಸ್ತಾನೆ ಅಂದ್ಕೊಳ್ತಾರಾ, ಈ ಮುಜುಗರ ನನಗೊಬ್ನಿಗೇ ಅಲ್ಲ ಅಂತ ಗೊತ್ತು.

ನಮ್ಮ ಕಡೆ ಅಂಗಡಿ ವ್ಯವಹಾರದಲ್ಲಿ ಹೆಚ್ಚುವರಿ ಅನ್ನೋದು ಯಾವತ್ತೂ ಆ ಕಡೆಯಿಂದ ಈ ಕಡೆಗೆ ಬರ್ತಿತ್ತು. ಅದಕ್ಕೆ ಕೊಸರು ಅಂತ ಹೆಸ್ರೂ ಇದೆ. ತರಕಾರಿ ತಗೊಂಡ್ರೆ ಮೇಲೆ ಎರಡೆಸಳು ಕರಿಬೇವು, ಮಲ್ಲಿಗೆ ಮೊಳ ಅಳೆದ ಮೇಲೂ ಬೆರಳಷ್ಟು ಉದ್ದ ಬಿಟ್ಟು ಕತ್ತರಿಸೋದು, ಕುಮಟಾ ಮೀನು ಪೇಟೆಯಲ್ಲಿ ಬಂಗಡೆ ಎಣಿಸಿ ಹಾಕಿದ ಮೇಲೆ ‘ತಗಳ್ರಾ’ ಅಂತ ಇನ್ನೊಂದು ಸಣ್ಣದು ಎಸೆಯೋದು. ಆಲೆಮನೆಗೆ ಹೋದ್ರಂತೂ ಬಿಡಿ, ಕಬ್ಬಿನ ಹಾಲು ಹೊಟ್ಟೆ ತುಂಬ ಕುಡ್ದು, ಮನೆಗೊಂದು ಕ್ಯಾನು ತುಂಬ್ಕೊಂಡು ಬಂದ್ರೂ ದುಡ್ಡಿನ ಮಾತು ಎತ್ತಿದವ್ನೇ ದಡ್ಡ. ಅಂದ್ರೆ ಗಿರಾಕಿಗೆ ಅಂಗಡಿಯವ್ನು ಕೊಡೋ ಟಿಪ್ಸು ಇದು. ಇಂಥ ಊರಲ್ಲಿ ಗಲ್ಲೆ ಮೇಲೆ ಎಪ್ಪತ್ತು ರೂಪಾಯಿ ಬಿಟ್ಟು ಹೋದ್ರೆ ಭಟ್ರು ಅದನ್ನ ಜಮಾ ಹಾಕ್ಕೊಳ್ಳದೆ ಇನ್ನೇನು ಮಾಡ್ತಾರೆ? ಯಜಮಾನ ತಾನೇ ಕೂತಿರೋ ಅಂಗಡಿಯಲ್ಲಿ ಟಿಪ್ಸ್ ಕೊಡೋದು ಸ್ವಲ್ಪ ಮಟ್ಟಿಗೆ ಅವ್ನನ್ನ ಕೆಳಗಿಳಿಸಿದ ಹಾಗೇ ಆಗ್ತದೆ, ಅವ ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಬಸ್ಸಲ್ಲಿ ಮಾತ್ರ ಇದು ಉಲ್ಟಾ ಇತ್ತು. ಕಂಡಕ್ಟ್ರು ಟಿಕೆಟ್ ಹಿಂದೆ ‘7’ ಅಂತ ಬರ್ದು ರೌಂಡ್ ಹಾಕಿ ಕೊಟ್ಟು ಮುಂದೆ ಹೋಗೋದು, ನಾವು ದೇವಿಮನೆ ಘಟ್ಟ ಇಳಿಯೋ ತನಕ ಆ ಚೀಟಿ ಮುಷ್ಟಿಯಲ್ಲಿ ಹಿಡ್ಕೊಂಡು ಕೂತು, ಕುಮಟಾದಲ್ಲಿ ಇಳಿಯೋ ಗಡಿಬಿಡಿಯಲ್ಲಿ ಮರ್ತು ಹೋಗೋದು. ಆ ಏಳು ರೂಪಾಯಿಗೆ ಎಂತ ಹೆಸ್ರು ಇಡ್ಬೇಕು ಅಂತ ನನಗೆ ಈಗಲೂ ಗೊತ್ತಿಲ್ಲ.

ಹಾಗಾದ್ರೆ ಟಿಪ್ಸ್ ನಮ್ಮಲ್ಲಿ ಇರಲೇ ಇಲ್ವಾ ಅಂದ್ರೆ, ಇತ್ತು. ಆದ್ರೆ ಅದಕ್ಕೊಂದು ಜಾಗ ಇತ್ತು. ಕೂತು ತಿನ್ನೋ ಹೋಟ್ಲಲ್ಲಿ ಮಾಣಿ ಬಿಲ್ಲು ತರ್ತಿದ್ದ, ಸ್ಟೀಲ್ ತಟ್ಟೆಯಲ್ಲಿ ಸೋಂಪು, ಸೋಂಪಿನ ಕೆಳಗೆ ಚೀಟಿ, ನೋಟು ಇಟ್ರೆ ಅವನೇ ಗಲ್ಲೆಗೆ ಒಯ್ದು ಉಳಿದ ಚಿಲ್ಲರೆ ಅದೇ ತಟ್ಟೆಯಲ್ಲಿ ವಾಪಸ್ ತರ್ತಿದ್ದ. ನೋಟು ತಗೊಂಡು ನಾಣ್ಯ ಬಿಟ್ಟು ಎದ್ದು ಬಂದ್ರೆ ಅದು ಅವಂದು. ಯಾರೂ ಹೇಳ್ಬೇಕಾಗಿರಲಿಲ್ಲ. ತಟ್ಟೆಯಲ್ಲಿ ಉಳಿದದ್ದು ಮಾಣಿಗೆ, ಗಲ್ಲೆಯಲ್ಲಿ ಉಳಿದದ್ದು ಯಜಮಾನಂಗೆ, ಅಲಿಖಿತ ಕಾನೂನು. ಅವ ನಿಮ್ಮ ಮುಖ ನೋಡಿ ‘ದೋಸೆ ಗರಿಗರಿ ಅಲ್ವಾ’ ಅಂತ ನೆನಪಿಟ್ಕೊಂಡಿರ್ತಿದ್ದ, ಎರಡನೇ ಸಲ ಚಟ್ನಿ ಕೇಳೋಕೆ ಮೊದ್ಲೇ ಹಾಕ್ತಿದ್ದ, ನೀವು ತಿಂದಾದ ಮೇಲೆ ಲೆಕ್ಕ ಹಾಕಿ ಖುಷಿಗೆ ಕೊಡ್ತಿದ್ರಿ. ಖುಷಿಗೆ ಅನ್ನೋ ಶಬ್ದ ನೋಡಿ. ಬಕ್ಷೀಸು, ಇನಾಮು ಅಂತೆಲ್ಲ ಇದ್ರೂ ನಮ್ಮ ಕಡೆ ಬಾಯಲ್ಲಿ ಬರೋದು ‘ಏನಾದ್ರೂ ಖುಷಿಗೆ ಕೊಡಿ’ ಅಂತ್ಲೇ. ಕೆಲಸ ಆದ ಮೇಲೆ ಕೊಟ್ರೆ ಖುಷಿ, ಆಗೋಕೆ ಮೊದ್ಲು ಕೊಟ್ರೆ ಮಾಮೂಲು. ತಾಲೂಕಾಪೀಸಿಗೆ ಒಮ್ಮೆ ಹೋಗಿ ಬಂದವ್ರಿಗೆ ಈ ವ್ಯತ್ಯಾಸ ಬಿಡಿಸಿ ಹೇಳೋದು ಬೇಕಾಗಿಲ್ಲ.

ಸೆಲ್ಫ್ ಸರ್ವಿಸ್ ಬಂದು ಈ ಕ್ರಮ ಕಾಲು ಮೇಲಾಯ್ತು. 1980ರ ದಶಕದಲ್ಲಿ ಬೆಂಗ್ಳೂರಲ್ಲಿ ಶುರುವಾದ ದರ್ಶಿನಿ ಮಾದರಿ, ಕೂಪನ್ ತಗೊಂಡು ನಿಂತ್ಕೊಂಡು ತಿಂದು ಹೋಗೋದು, ಈಗ ನಮ್ಮ ಹೈವೇ ಬದಿಯ ಹೋಟ್ಲುಗಳಿಗೂ ಬಂದಾಗಿದೆ. ಇಲ್ಲಿ ಮೊದ್ಲು ದುಡ್ಡು, ಆಮೇಲೆ ತಿಂಡಿ. ದುಡ್ಡು ತಗೊಳ್ಳೋನು ಒಬ್ಬ, ದೋಸೆ ಹುಯ್ಯೋನು ಇನ್ನೊಬ್ಬ, ಚಟ್ನಿ ಹಾಕಿ ತಟ್ಟೆ ದಬ್ಬೋನು ಮತ್ತೊಬ್ಬ, ಎಂಜಲು ತಟ್ಟೆ ಎತ್ತಿ ಟೇಬಲ್ ಒರೆಸೋರು, ಒಳಗೆ ಬಿಸಿನೀರಲ್ಲಿ ಲೋಟ ತೊಳೆಯೋರು ಬೇರೆನೇ. ಟಿಪ್ಸ್ ಡಬ್ಬಿ ಇರೋದು ಮಾತ್ರ ದುಡ್ಡು ತಗೊಳ್ಳೋನ ಎದುರು. ತಿಂಡಿ ಇನ್ನೂ ಬಾಯಿಗೇ ಬಂದಿಲ್ಲ, ಚಲೋ ಇದೆಯೋ ತಣ್ಣಗಾಗಿದೆಯೋ ಗೊತ್ತಿಲ್ಲ, ಅಷ್ಟೊತ್ತಿಗೇ ಖುಷಿ ಆಗ್ಬೇಕು ಅಂದ್ರೆ ಹೆಂಗೆ ಆಗ್ತದೆ? ಕೌಂಟರ್ ಟಿಪ್ಸಲ್ಲಿ ನಮಗೆ ಆಗೋ ಕಸಿವಿಸಿ ಜುಗ್ಗತನದ್ದಲ್ಲ, ಅದು ಹಿಂದುಮುಂದಾದ ಕ್ರಮದ್ದು ಅನ್ನೋದು ನನ್ನ ಅಂದಾಜು.

ಇದೇ ಹಿಂದುಮುಂದಿನ ಪ್ರಶ್ನೆ 2025ರ ಮೇ ತಿಂಗಳಲ್ಲಿ ದೊಡ್ಡ ಮಟ್ಟದಲ್ಲಿ ಬಂತು. ಉಬರ್ ಆ್ಯಪಲ್ಲಿ ಗಾಡಿ ಬರೋಕೆ ಮೊದ್ಲೇ ಟಿಪ್ಸ್ ಸೇರಿಸಿದ್ರೆ ಬೇಗ ಸಿಗ್ತದೆ ಅನ್ನೋ ಥರ ಕೇಳ್ತಿದ್ರು, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಡ್ತು. ಆ ಖಾತೆಯ ಸಚಿವರು ನಮ್ಮ ಪಕ್ಕದ ಧಾರವಾಡದ ಸಂಸದ ಪ್ರಲ್ಹಾದ ಜೋಶಿ, ಟಿಪ್ಸ್ ಅನ್ನೋದು ಸೇವೆ ಆದ ಮೇಲೆ ಮೆಚ್ಚಿ ಕೊಡೋದು, ಮೊದ್ಲೇ ಕೇಳೋದು ಸರಿಯಲ್ಲ ಅನ್ನೋ ಅರ್ಥದಲ್ಲಿ ಬಹಿರಂಗವಾಗಿ ಬರೆದ್ರು. ಶಿರಸಿಯಲ್ಲಿ ಆಟೋದವ್ರ ಹತ್ರ ಮೀಟರೇ ಹಾಕ್ಸೋಕಾಗದ ನಮಗೆ ಉಬರ್ ವಿಷ್ಯ ಎಂತಕ್ಕೆ ಅನ್ನಬಹುದು, ಆದ್ರೆ ತತ್ವ ಅದೇ. ಟೋಕನ್ ಕೌಂಟರಲ್ಲಿ ಇಟ್ಟ ಡಬ್ಬಿಯೂ ಅಡ್ವಾನ್ಸ್ ಟಿಪ್ಸೇ. ಡಬ್ಬಿಯನ್ನ ಕೈ ತೊಳೆಯೋ ಜಾಗದ ಹತ್ರವೋ, ತಟ್ಟೆ ಇಡೋ ಟಬ್ಬಿನ ಹತ್ರವೋ ಇಟ್ಟು ನೋಡ್ಲಿ, ತಿಂದು ಎದ್ದು ಬರೋರು, ಅಲ್ಲಿ ಒರೆಸ್ತಾ ನಿಂತ ಹೆಂಗಸಿನ ಮುಖ ನೋಡಿದೋರು ಕೊಡೋದೇ ಬೇರೆ. ಈ ಮಾತನ್ನ ನಾನು ಇಬ್ರು ಹೋಟ್ಲಿನವ್ರಿಗೆ ಹೇಳಿದ್ದೂ ಆಯ್ತು, ಇಬ್ರೂ ‘ಅಲ್ಲಿಟ್ರೆ ಡಬ್ಬಿನೇ ಹೋಗ್ತದೆ ಸಾರ್’ ಅಂದ್ರು. ಅದೂ ಸುಳ್ಳಲ್ಲ.

ಇನ್ನು ಫೋನು. ಯುಪಿಐ ಶುರುವಾಗಿದ್ದು 2016ರಲ್ಲಿ, 2020ರ ಜನವರಿಯಿಂದ ವ್ಯಾಪಾರಿಗಳಿಗೆ ಅದ್ರ ಮೇಲೆ ಶುಲ್ಕವೂ ಇಲ್ಲ, ಹಾಗಾಗಿ ಯಾಣದ ದಾರಿಯ ಮಜ್ಜಿಗೆ ಅಂಗಡಿಯಲ್ಲೂ ಕ್ಯೂಆರ್ ಅಂಟಿಸಿದ್ದಾರೆ, ನೆಟ್‌ವರ್ಕ್ ಸಿಗೋದು ಬಿಡೋದು ದೇವರಿಗೆ ಬಿಟ್ಟದ್ದು. ಒಳ್ಳೇದೇ ಆಯ್ತು, ಚಿಲ್ಲರೆ ಬದಲು ಚಾಕಲೇಟ್ ಕೊಡೋ ಕಾಟ ತಪ್ಪಿತು. ಆದ್ರೆ ಮಾಣಿಯ ತಟ್ಟೆಗೆ ಬೀಳ್ತಿದ್ದದ್ದು ಆ ಚಿಲ್ಲರೆಯೇ ಅಲ್ವಾ. ಇಪ್ಪತ್ತೆಂಟರ ಬಿಲ್ಲಿಗೆ ಮೂವತ್ತು ಕೊಟ್ಟು ‘ಇರ್ಲಿ ಬಿಡಿ’ ಅಂತಿದ್ದವ್ನು ಈಗ ಸರಿಯಾಗಿ ಇಪ್ಪತ್ತೆಂಟು ಒತ್ತುತ್ತಾನೆ, ಸ್ಪೀಕರ್ ಡಬ್ಬಿ ಊರಿಗೆಲ್ಲ ಕೇಳೋ ಹಾಗೆ ಇಪ್ಪತ್ತೆಂಟು ಅಂತ ಕೂಗ್ತದೆ. ಅವ ಲೋಭಿಯಾಗಿದ್ದಲ್ಲ, ಕೊಡೋಕೆ ಇದ್ದ ಸಂದಿಯೇ ಮುಚ್ಚಿಹೋಯ್ತು. ಮೊದ್ಲು ಟಿಪ್ಸ್ ಕೊಡದೇ ಇರೋಕೆ ನಾಣ್ಯ ಹೆಕ್ಕಿ ಕಿಸೆಗೆ ಹಾಕ್ಕೊಳ್ಳೋ ಶ್ರಮ ಪಡ್ಬೇಕಿತ್ತು, ಈಗ ಕೊಡೋಕೇ ಬೇರೆ ಶ್ರಮ ಪಡ್ಬೇಕು. ಒಂದೊಮ್ಮೆ ಇಪ್ಪತ್ತೆಂಟರ ಬದಲು ನಲವತ್ತು ಒತ್ತಿದ್ರೂ ಆ ಹನ್ನೆರಡು ರೂಪಾಯಿ ಹೋಗೋದು ಯಜಮಾನನ ಖಾತೆಗೆ, ದಿನದ ಕೊನೆಗೆ ನೂರಾರು ಎಂಟ್ರಿಯಲ್ಲಿ ಯಾವ್ದು ದೋಸೆದು ಯಾವ್ದು ಟಿಪ್ಸಿಂದು ಅಂತ ಅವ್ನಿಗೂ ಗೊತ್ತಾಗಲ್ಲ.

ಗೊತ್ತಾದ್ರೂ ಈಗ ಅದ್ರ ಹೆದರಿಕೆನೇ ಬೇರೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗ್ಳೂರಿನ ಬೇಕರಿ, ಚಾ ಅಂಗಡಿಗಳಲ್ಲೆಲ್ಲ ‘ಓನ್ಲಿ ಕ್ಯಾಶ್’ ಬೋರ್ಡು ಬಿತ್ತಲ್ಲ, ಆವಾಗ ಜಿಎಸ್‌ಟಿ ನೋಂದಣಿ ಮಾಡ್ಸಲೇಬೇಕಾದ ವಹಿವಾಟಿನ ಮಿತಿ ಎಲ್ರ ಬಾಯಲ್ಲೂ ಬಂತು, ವರ್ಷಕ್ಕೆ ಸರಕು ಮಾರಿದ್ರೆ 40 ಲಕ್ಷ, ಸೇವೆಗೆ 20 ಲಕ್ಷ. ಮುಖ್ಯಮಂತ್ರಿ ಹಳೇ ಬಾಕಿ ವಸೂಲಿ ಮಾಡಲ್ಲ ಅಂದ ಮೇಲೆ ಗಲಾಟೆ ತಣ್ಣಗಾಯ್ತು, ಆದ್ರೆ ಹೆದರಿಕೆ ಹೋಗಲಿಲ್ಲ. ನಮ್ಮ ಖಾತೆಗೆ ಬಂದದ್ದೆಲ್ಲ ನಮ್ಮ ವಹಿವಾಟು ಅಂತ ಲೆಕ್ಕ ಆಗ್ತದೆ ಅಂತ ಗೊತ್ತಾದವ್ನು ನಿಮ್ಮ ಟಿಪ್ಸನ್ನ ತನ್ನ ಕ್ಯೂಆರಿಗೆ ಹಾಕ್ಸಿಕೊಂಡು ಹುಡುಗ್ರಿಗೆ ಹಂಚೋ ತಲೆಬಿಸಿ ಎಂತಕ್ಕೆ ತಗೊಳ್ತಾನೆ?

ಸರ್ವಿಸ್ ಚಾರ್ಜ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಜನ ಅದನ್ನೂ ಟಿಪ್ಸನ್ನೂ ಜಿಎಸ್‌ಟಿಯನ್ನೂ ಕಲಸಿ ಉಂಡೆ ಮಾಡ್ತಾರೆ. ಸಾಮಾನ್ಯ ಹೋಟ್ಲಿನ ಬಿಲ್ಲಲ್ಲಿ ಬರೋ ಶೇ. 5 ಜಿಎಸ್‌ಟಿ ಸರ್ಕಾರಕ್ಕೆ ಹೋಗೋದು. ಸರ್ವಿಸ್ ಚಾರ್ಜ್ ಸರ್ಕಾರದ್ದಲ್ಲ, ಹೋಟ್ಲಿನವ್ರು ತಾವೇ ಹಾಕಿಕೊಂಡದ್ದು. ಅದನ್ನ ಬಿಲ್ಲಿಗೆ ತಾನಾಗೇ ಸೇರಿಸೋ ಹಾಗಿಲ್ಲ, ಬೇರೆ ಹೆಸ್ರಲ್ಲೂ ವಸೂಲಿ ಮಾಡೋ ಹಾಗಿಲ್ಲ ಅಂತ 2022ರ ಜುಲೈ 4ಕ್ಕೆ ಅದೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂತು, ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದ್ವು, 2025ರ ಮಾರ್ಚ್ 28ಕ್ಕೆ ಕೋರ್ಟು ಮಾರ್ಗಸೂಚಿ ಎತ್ತಿಹಿಡಿದು ಎರಡು ಸಂಘಟನೆಗೂ ತಲಾ ಒಂದು ಲಕ್ಷ ದಂಡನೂ ಹಾಕ್ತು. ಖುಷಿಯಿಂದ ಕೊಡೋದಕ್ಕೆ ಅಡ್ಡಿಲ್ಲ, ಕಡ್ಡಾಯ ಮಾಡೋ ಹಾಗಿಲ್ಲ. ಬಿಲ್ಲಲ್ಲಿ ಕಂಡ್ರೆ ತೆಗೀರಿ ಅನ್ನಬಹುದು, ತೆಗೀದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಮ್ಮ ಸಾದಾ ಹೋಟ್ಲುಗಳಲ್ಲಿ ಈ ಕಾಟ ಇಲ್ಲ, ಬೀಚ್ ಬದಿಯ ದೊಡ್ಡ ರೆಸಾರ್ಟಿಗೆ ಹೋದ್ರೆ ಬಿಲ್ಲನ್ನ ಕೆಳಗಿನಿಂದ ಮೇಲಕ್ಕೆ ಓದಿ.

ತಮ್ಮಂಗೆ ಇದೆಲ್ಲ ಹೇಳಿದ್ರೆ ಅವಂಗೆ ಅರ್ಥನೇ ಆಗ್ಲಿಲ್ಲ, ಅವ್ನ ಊರಲ್ಲಿ ಕಾಫಿ ತಗೊಂಡ್ರೆ ಹುಡ್ಗಿ ಸ್ಕ್ರೀನ್ ತಿರುಗಿಸ್ತಾಳಂತೆ, 18, 20, 25 ಪರ್ಸೆಂಟ್ ಬಟನ್ನು, ಅವಳು ನೋಡ್ತಾ ಇರ್ತಾಳೆ, ಒತ್ತದೆ ಇರೋಕೆ ಗಟ್ಟಿ ಗುಂಡಿಗೆ ಬೇಕು. ಅಲ್ಲಿ ಅದಕ್ಕೊಂದು ಕಾರಣನೂ ಇದೆ, ಫೆಡರಲ್ ಕಾಯ್ದೆಯಲ್ಲಿ ಟಿಪ್ಸ್ ಸಿಗೋ ಕೆಲಸಕ್ಕೆ ಯಜಮಾನ ಗಂಟೆಗೆ 2.13 ಡಾಲರ್ ಕೊಟ್ರೂ ನಡೀತದೆ, 1991ರಿಂದ ಅದೇ ರೇಟು, ಟಿಪ್ಸ್ ಸೇರಿ 7.25 ಮುಟ್ಟಬೇಕು ಅಷ್ಟೇ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಹೀಗಿಲ್ಲ. ಅಂದ್ರೆ ಅಲ್ಲಿನ ಗಿರಾಕಿ ಯಜಮಾನನ ಪರವಾಗಿ ಅರ್ಧ ಪಗಾರ ಕೊಡ್ತಾ ಇದ್ದಾನೆ. ನಮ್ಮಲ್ಲಿ ಟಿಪ್ಸ್ ಬರ್ತದೆ ಅಂತ ಕನಿಷ್ಠ ಕೂಲಿ ಕಡಿಮೆ ಮಾಡೋ ಹಾಗಿಲ್ಲ. ಕಾಗದದಲ್ಲಿ. ಬಾಯಲ್ಲಿ ಮಾತ್ರ ‘ಪಗಾರ ಇಷ್ಟು, ಮೇಲೆ ಟಿಪ್ಸ್ ಬರ್ತದಲ್ಲ’ ಅಂತ ಹೇಳಿ ಹುಡುಗ್ರನ್ನ ಇಟ್ಕೊಳ್ಳೋದು ಎಲ್ಲರಿಗೂ ಗೊತ್ತಿದ್ದದ್ದೇ. ಇದ್ರಲ್ಲಿ ಇನ್ನೊಂದು ಸೂಕ್ಷ್ಮ ಇದೆ. 2016ರಲ್ಲಿ ಸುಪ್ರೀಂ ಕೋರ್ಟು ಐಟಿಸಿ ಹೋಟೆಲಿನ ಕೇಸಲ್ಲಿ, ಗಿರಾಕಿ ಕಾರ್ಡಲ್ಲಿ ಕೊಟ್ಟ ಟಿಪ್ಸನ್ನ ಹೋಟ್ಲು ಕೆಲಸಗಾರರಿಗೆ ಹಂಚಿದ್ರೆ ಅದು ಸಂಬಳ ಅಲ್ಲ, ಸಂಬಳದ ಟಿಡಿಎಸ್ ಹಿಡಿಯೋದು ಬೇಕಾಗಿಲ್ಲ ಅಂತು. ತೆರಿಗೆ ಕೇಸದು, ಆದ್ರೆ ನಾನು ಅದ್ರಿಂದ ತಿಳ್ಕೊಂಡದ್ದು, ಟಿಪ್ಸ್ ಅನ್ನೋದು ಗಿರಾಕಿ ಕೊಡೋದು, ಯಜಮಾನ ಅದ್ರಲ್ಲಿ ಬರೀ ದಾಟಿಸೋನು. ದಾಟಿಸೋನು ದೋಣಿಯನ್ನೇ ಇಟ್ಕೊಂಡ್ರೆ ಕೇಳೋರ್ಯಾರು ಅನ್ನೋದು ಬೇರೆ.

ಗೋಕರ್ಣದ ಕಡೆ ಸೀಸನಲ್ಲಿ ಹೋದ್ರೆ ಇದ್ರ ಇನ್ನೊಂದು ಮುಖ ಕಾಣ್ತದೆ. ನವೆಂಬರಿಂದ ಫೆಬ್ರವರಿ ತನಕ ಕೆಫೆಗಳಲ್ಲಿ ಬೆಂಗ್ಳೂರಿನವ್ರು, ಫಾರಿನ್‌ನವ್ರು, ಐವತ್ತು ನೂರು ಆರಾಮಾಗಿ ಬಿಟ್ಟು ಹೋಗ್ತಾರೆ. ಅದು ತಪ್ಪಲ್ಲ, ಮಳೆಗಾಲದಲ್ಲಿ ಶೆಡ್ಡು ಮುಚ್ಚಿ ಊರಿಗೆ ಹೋಗೋ ಹುಡುಗ್ರಿಗೆ ಆ ನಾಲ್ಕು ತಿಂಗ್ಳೇ ವರ್ಷದ ದುಡಿಮೆ. ಆದ್ರೆ ಹಂಗೆ ನೂರು ಬಿಟ್ಟು ಎದ್ದವ್ನೇ ಹೊರಗೆ ಬಂದು, ಬುಟ್ಟಿ ಇಟ್ಕೊಂಡು ಕೂತ ಹಾಲಕ್ಕಿ ಅಜ್ಜಿ ಹತ್ರ ಬಸಳೆ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡೋದು ನೋಡಿದ್ರೆ ಮೈ ಉರೀತದೆ. ಮೀನು ಪೇಟೆಯಲ್ಲೂ ಅಷ್ಟೇ, ಇಸ್ವಾಣ ಕೊಂಡ ಮೇಲೆ ಮೂಲೆಯಲ್ಲಿ ಕತ್ತಿ ಇಟ್ಕೊಂಡು ಕೂತವರ ಹತ್ರ ಹೆಚ್ಚಿಸ್ಕೊಳ್ತೀವಲ್ಲ, ಅವರದ್ದು ಪಕ್ಕಾ ಕೌಂಟರ್ ಸರ್ವಿಸ್ಸು, ಕೈ ತುಂಬ ಗಾಯದ ಗುರುತು, ಅವ್ರಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟವ್ರನ್ನ ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಟಿಪ್ಸ್ ಕೊಡೋದು ನಾವು ಕೆಲಸಕ್ಕಲ್ಲ, ಡಬ್ಬಿಗೆ. ಡಬ್ಬಿ ಇಟ್ಟವ್ನಿಗೆ ಸಿಗ್ತದೆ.

ನಾನು ಈಗ ಮಾಡೋದು ಹೀಗೆ. ಗಲ್ಲೆಯಲ್ಲಿ ಯಜಮಾನನೇ ಕೂತು, ಹೆಂಡ್ತಿ ಒಳಗೆ ದೋಸೆ ಹಾಕ್ತಾ ಇದ್ರೆ ಟಿಪ್ಸ್ ಇಲ್ಲ, ಬೇಕಾದ್ರೆ ‘ಚಟ್ನಿ ಚಲೋ ಇತ್ತು’ ಅಂತ ಒಂದು ಮಾತು, ಅದಕ್ಕೇ ಅವ್ರ ಮುಖ ಅರಳ್ತದೆ. ಬೇಕರಿಯಲ್ಲಿ ಖಾರ ಕಟ್ಟಿ ಕೊಟ್ಟದ್ದಕ್ಕೆ, ಪಾರ್ಸಲ್ ಕೈಗೆ ಕೊಟ್ಟದ್ದಕ್ಕೆ ಕೊಡಲ್ಲ, ಕೊಡ್ಬೇಕು ಅಂತ ಅನ್ನಿಸೋದೂ ಇಲ್ಲ. ಕೂಲಿಗೆ ನಿಂತವ್ರು ಇದ್ರೆ, ಅದರಲ್ಲೂ ಹತ್ತು ಜನ ಗಲಾಟೆ ಮಾಡ್ಕೊಂಡು ತಿಂದು ಟೇಬಲ್ ತುಂಬ ಚೆಲ್ಲಿ ಎದ್ದಿದ್ರೆ, ಒರೆಸೋರ ಕೈಗೇ ಕೊಡ್ತೇನೆ. ಡಬ್ಬಿ ಇದ್ರೆ ಒಮ್ಮೆ ಕೇಳ್ತೇನೆ, ‘ಇದು ಯಾರಿಗೆ ಹೋಗ್ತದೆ, ಯಾವಾಗ ಹಂಚ್ತೀರಿ?’ ಸರಿಯಾಗಿ ಹಂಚೋ ಕಡೆ ಹುಡುಗ್ರು ತಟ್ಟನೆ ‘ಶನಿವಾರ ಸಾರ್, ಎಲ್ರಿಗೂ ಸಮ’ ಅಂತಾರೆ. ಗಲ್ಲೆಯವ್ರ ಮುಖ ನೋಡಿ ಸುಮ್ನಾದ್ರೆ ನನ್ನ ಕೈಯೂ ಕಿಸೆಯಲ್ಲೇ ಉಳೀತದೆ. ಕೇಳೋದು ಸ್ವಲ್ಪ ಒರಟು ಅಂತ ಮನೆಯಲ್ಲಿ ಬೈಸ್ಕೊಂಡದ್ದೂ ಉಂಟು.

ಇದಕ್ಕೆ ಹತ್ತರ ನಾಣ್ಯ ಒಂದು ನಾಲ್ಕಾದ್ರೂ ಕಿಸೆಯಲ್ಲಿ ಇಟ್ಕೊಂಡಿರ್ತೇನೆ. ಅದ್ರದ್ದೂ ಒಂದು ಕತೆ. ಹದಿನಾಲ್ಕು ಡಿಸೈನಲ್ಲಿ ಬಂದಿದೆ, ಎಲ್ಲವೂ ಚಾಲ್ತಿ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದ್ರೂ ನಮ್ಮ ಕಡೆ ಅಂಗಡಿಯವ್ರು ಮೂಗು ಮುರಿಯೋದು ಬಿಟ್ಟಿಲ್ಲ. ಮೊನ್ನೆ ಕಾರವಾರದಲ್ಲಿ ಊಟ ಮುಗಿಸಿ, ತಟ್ಟೆ ಎತ್ತೋ ಹುಡ್ಗನ ಕೈಗೆ ಎರಡು ನಾಣ್ಯ ಇಟ್ಟೆ. ಅವ ತಿರುಗಿಸಿ ನೋಡಿ, ನಾಚ್ಕೊಂಡು, ‘ಸಾರ್ ಇದು ಯಾರೂ ತಗೊಳ್ಳಂಗಿಲ್ರಿ, ಫೋನ್‌ಪೇ ಮಾಡ್ತೀರೇನ್ರಿ?’ ಅಂದ. ಮಾತು ಕೇಳಿದ್ರೆ ಹಾವೇರಿ ಕಡೆಯವ. ಫೋನಿನ ಕವರ್ ಹಿಂದೆ ಮಡಚಿಟ್ಟಿದ್ದ ಕ್ಯೂಆರ್ ಚೀಟಿ ತೆಗ್ದು ತೋರಿಸ್ದ, ಗಲ್ಲೆಯವ್ರಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ. ಸ್ಕ್ಯಾನ್ ಮಾಡಿದ್ರೆ ಯಾರೋ ಹೆಂಗಸಿನ ಹೆಸ್ರು ಬಂತು. ‘ಅವ್ವಂದ್ರಿ’ ಅಂದ. ಇಪ್ಪತ್ತು ಹಾಕ್ದೆ. ಅವನ ಫೋನಲ್ಲಿ ಎಂತ ಸದ್ದೂ ಆಗ್ಲಿಲ್ಲ, ಊರಲ್ಲಿ ಆಗಿರ್ಬೇಕು. ತಟ್ಟೆ ಎತ್ಕೊಂಡು ಒಳಗೆ ಹೋದ.